ಮೂರು ಸಿಮ್ಮು, ಒಂದು ಮಿಸ್ಡ್ ಕಾಲ್

ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ಎಸ್‌ಟಿಡಿ ಬೂತಿನ ಮುಂದೆ ಪಾಳಿ ಹಚ್ಚುತ್ತಿದ್ದೆವು. ಆಗ ನನಗೆ ಚಿಂತೆ ಕಡಿಮೆಯಿತ್ತು. ಫೋನು ಒಂದೇ, ದರವೂ ಒಂದೇ. ಕೂಗಿದರೆ ಕೇಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಆರಿಸಿಕೊಳ್ಳಲು ಏನೂ ಇಲ್ಲದವನು ತಪ್ಪು ಆರಿಸುವುದಾದರೂ ಹೇಗೆ?

ಮೊಬೈಲು ಬಂದು ಆ ನೆಮ್ಮದಿಯನ್ನು ಕೆಡಿಸಿತು. ಬೀಜದ ಕಂಪನಿಯೊಂದಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಿರುಗುವ ಕೆಲಸ ನನ್ನದು. ನಾಲ್ಕು ಊರು ತಿರುಗಿ ಮೂರು ಕಂಪನಿಯ ಸಿಮ್ಮು ಕೊಂಡೆ. ಅವುಗಳ ನಿಜವಾದ ಹೆಸರು ಬೇಡ. ನಾನು ಕರೆಯುತ್ತಿದ್ದುದು ಅಗ್ಗದ್ದು, ಜೋರಿನದು, ದೂರದ್ದು ಎಂದು. ಅಗ್ಗದ್ದರಲ್ಲಿ ಮಾತು ಸೋವಿ, ಅದರಿಂದ ಅದಕ್ಕೇ ಮಾತಾಡಿದರೆ ಬಹುತೇಕ ಪುಕ್ಕಟೆ. ಜೋರಿನದರಲ್ಲಿ ಇಂಟರ್ನೆಟ್ಟು ಗಂಗಾವತಿಯ ಭತ್ತದ ಗದ್ದೆಗಳವರೆಗೆ ಕುದುರೆಯಂತೆ ಓಡಿ, ಕುಷ್ಟಗಿ ದಾರಿಯಲ್ಲಿ ಕುಂಟತೊಡಗುತ್ತಿತ್ತು. ದೂರದ್ದು ತುಟ್ಟಿ, ಆದರೆ ಯಲಬುರ್ಗಾ ಕಡೆಯ ಎರೆಹೊಲದ ನಡುವೆಯೂ ಸಿಗುತ್ತಿತ್ತು. ಯಾವ ಊರಿನಲ್ಲಿ ಯಾವುದಕ್ಕೆ ಸಿಗ್ನಲ್ಲಿನ ಎಷ್ಟು ಕಡ್ಡಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬೀಜದ ಆರ್ಡರು ಬರೆಯಬೇಕಾಗಿದ್ದ ನೋಟ್‌ಬುಕ್ಕು ಅದು.

ಕೊಪ್ಪಳದ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಭಾಯ್ ನನ್ನನ್ನು ಕಂಡರೆ ಕುರ್ಚಿ ಒಳಗೆಳೆದುಕೊಳ್ಳುತ್ತಿದ್ದರು.

"ಸಾಹೇಬ್ರ, ಸಿಮ್ ತಗೋಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ? ಒಂದು ತಾಸಾತು, ಮೂರನ್ನೂ ನಡಿಸಿ ನೋಡಿದ್ರಿ, ಮಾತಾಡಿಸಿ ನೋಡಿದ್ರಿ. ಇನ್ನ ಹಾಡು ಒಂದು ಹೇಳಸ್ತೀರೇನು?"

"ಬೇವೂರು ಕಡೆ ಯಾವುದು ಛಲೋ ಸಿಗತೈತಿ, ಅಷ್ಟ ಹೇಳ್ರಿ ಭಾಯ್."

"ದೂರದ್ದು. ಹೋದ ವಾರಾನೂ ಇದನ್ನ ಹೇಳೀನಿ."

ಬೇವೂರಿನ ಆಚೆಯ ಹಳ್ಳಿ ನನ್ನ ಹೆಂಡತಿಯ ತವರು. ಚೊಚ್ಚಲ ಹೆರಿಗೆಗೆ ಅವಳು ಅಲ್ಲಿಗೆ ಹೋಗಿದ್ದಳು. ಹಿಂದಿನ ವರ್ಷ ಒಂದು ಬಸಿರು ಮೂರು ತಿಂಗಳಿಗೇ ಇಳಿದುಹೋಗಿತ್ತು. ಆಗ ನಾನು ಗಂಗಾವತಿಯಲ್ಲಿದ್ದೆ. ಸುದ್ದಿ ತಿಳಿದದ್ದು ಮರುದಿನ. ಈ ಸಲ ಬಸ್ಸು ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: "ನೋವು ಸುರು ಆದ್ರ ನೀವು ಬಾಜೂಕ ಇರಬೇಕು ನೋಡ್ರಿ. ಮತ್ತ ಮರುದಿನ ಬರಬ್ಯಾಡ್ರಿ."

ಆ ಮಾತೇ ನನ್ನ ತಲೆಯೊಳಗೆ ಗುಂಯ್‌ಗುಡುತ್ತಿತ್ತು. ಸಮಾಧಾನಕ್ಕೆ ಏನಾದರೂ ಮಾಡಬೇಕಲ್ಲ? ಮಾಡಿದೆ. ಮಾವನವರ ಹತ್ತಿರ ಮೊದಲಿನಿಂದಲೂ ದೂರದ್ದೇ ಇತ್ತು, ಅವರ ಅಂಗಳದಲ್ಲೇ ಸಿಗುತ್ತಿತ್ತು. ನಾನು ಹೋಗಿ ಅದನ್ನು ತೆಗೆಸಿ ಅಗ್ಗದ್ದನ್ನು ಹಾಕಿಸಿದೆ. ಅಗ್ಗದ್ದು ಸಿಗುತ್ತಿದ್ದುದು ಊರ ಅಗಸಿಬಾಗಿಲ ಕಟ್ಟೆಯ ಮೇಲೆ, ಅದೂ ಫೋನು ಹಿಡಿದ ಕೈ ಮೇಲೆತ್ತಿ ಕಿನ್ನಾಳದ ಮರದ ಗೊಂಬೆಯಂತೆ ನಿಂತರೆ.

"ಅಳಿಯಂದ್ರ, ಇದ್ದದ್ದು ಛಲೋ ಇತ್ತಲ್ಲ?" ಎಂದರು ಮಾವನವರು.

"ಭಾಳ ತುಟ್ಟಿ ಮಾವಾರ. ಇದ್ರಾಗ ಹೆಚ್ಚಿಗಿ ಮಾತಾಡಬೌದು."

ಹೆಚ್ಚು ಮಾತಾಡುವುದಕ್ಕೆಂದು ಸಿಮ್ಮು ಬದಲಿಸಿ, ನಾನೇ ಮಾತಾಡದ ಏರ್ಪಾಡೊಂದನ್ನು ಮಾಡಿದೆ. ಆ ದಿನಗಳಲ್ಲಿ ನಮ್ಮ ಕಡೆ ಮಿಸ್ಡ್ ಕಾಲಿಗೇ ಒಂದು ಭಾಷೆಯಿತ್ತು. ಊರು ಮುಟ್ಟಿದೆವೆಂದರೆ ಒಂದು, ನೀವೇ ಮಾಡಿರೆಂದರೆ ಎರಡು. ನಾನೂ ಹೇಳಿಕೊಟ್ಟೆ: ದಿನಾ ಬೆಳಿಗ್ಗೆ ಎಂಟಕ್ಕೆ ಒಂದು ಮಿಸ್ಡ್ ಕಾಲ್ ಬಂದರೆ ಎಲ್ಲ ಕ್ಷೇಮ, ಬೆನ್ನುಬೆನ್ನಿಗೆ ಎರಡು ಬಂದರೆ ನೋವು ಸುರುವಾಗಿದೆ, ಹೊರಟು ಬಾ. ಮಾವನವರು ಬೆರಳು ಎಣಿಸಿ ಬಾಯಿಪಾಠ ಮಾಡಿದರು. ಮಿಸ್ಡ್ ಕಾಲಿಗೆ ದುಡ್ಡೇ ಬೀಳುವುದಿಲ್ಲವೆಂದ ಮೇಲೆ ಅಗ್ಗದ ಸಿಮ್ಮು ಯಾತಕ್ಕೆ ಎಂದು ಆಗ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಅಂಥದೊಂದು ಕಾಲಮ್ಮೇ ಇರಲಿಲ್ಲ.

ಹನ್ನೆರಡು ದಿನ ತಪ್ಪದೆ ಎಂಟಕ್ಕೆ ಒಂದು ಬಂತು. ಹದಿಮೂರನೆಯ ದಿನ ನಾನು ಕುಷ್ಟಗಿಯಲ್ಲಿದ್ದೆ. ಎಂಟಕ್ಕೆ ಸರಿಯಾಗಿ ಫೋನು ಒಮ್ಮೆ ಗುರ್ ಎಂದು ಸುಮ್ಮನಾಯಿತು. ಎಲ್ಲ ಕ್ಷೇಮ. ಅಂಗಡಿಗಳ ಭೇಟಿ ಮುಗಿಸಿ, ಹನ್ನೊಂದರ ಸುಮಾರಿಗೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಮುಂದಿಟ್ಟುಕೊಂಡು, ಫೋನಿಗೆ ಜೋರಿನದನ್ನು ಹಾಕಿ ಅಲ್ಲಿ ಎಷ್ಟು ಕಡ್ಡಿ ಬರುತ್ತದೆಂದು ಬರೆದುಕೊಳ್ಳುತ್ತಿದ್ದೆ. ಯಲಬುರ್ಗಾದ ಬಸ್ಸು ಬಂದು ನಿಂತಿತು. ಆ ದಾರಿಯಲ್ಲಿ ನನ್ನನ್ನು ವರ್ಷಗಳಿಂದ ಕಂಡಿದ್ದ ಕಂಡಕ್ಟರು ಇಳಿದವರೇ ನೇರ ನನ್ನ ಹತ್ತಿರ ಬಂದರು.

"ಏನ್ರೀ ಬೀಜದವ್ರ, ಇಲ್ಲಿ ಕುಂತು ಮಿರ್ಚಿ ತಿನ್ನಾಕ ಹತ್ತೀರಿ? ಅಲ್ಲಿ ನಿಮ್ಮ ಮನಿಯವ್ರನ್ನ ಯಲಬುರ್ಗಿ ದವಾಖಾನಿಗೆ ತಂದಾರ. ನಿಮ್ಮ ಫೋನು ಹತ್ತಲಿಲ್ಲಂತ ನಿಮ್ಮ ಅತ್ತಿಯವ್ರು ಸ್ಟ್ಯಾಂಡಿಗೆ ಬಂದು, ಹೊರಡೋ ಎಲ್ಲಾ ಗಾಡಿಯವ್ರಿಗೂ ಹೇಳ್ಯಾರ."

"ನನಗ ಒಂದ ಮಿಸ್ಡ್ ಕಾಲ್ ಬಂದೈತ್ರಿ!"

"ಅದನ್ನೇನ್ ಮಾಡ್ತೀರಿ? ಗಾಡಿ ಹತ್ರಿ."

"ನಾನು ಕುಷ್ಟಗಿಯೊಳಗ ಅದೀನಿ ಅಂತ ಅವ್ರಿಗೆ ಹೆಂಗ ಗೊತ್ತಾತು?"

"ಗೊತ್ತಿಲ್ಲ. ಯಾವ ಊರಾಗ ಇದ್ರೂ ಮಿರ್ಚಿ ಬಂಡಿ ಹತ್ರ ನೋಡ್ರಿ ಅಂದಾರ."

ಮೂರು ಕಂಪನಿಗಳಿಗೂ ಸಿಗದ ನಾನು ನಮ್ಮತ್ತೆಗೆ ಒಂದೇ ಮಾತಿನಲ್ಲಿ ಸಿಕ್ಕಿದ್ದೆ.

ಬಸ್ಸು ಹಳ್ಳಿಹಳ್ಳಿಗೆ ನಿಂತಿತು. ಪ್ರತಿ ನಿಲುಗಡೆಯಲ್ಲೂ ಮೂರು ಸಿಮ್ಮನ್ನೂ ಒಂದೊಂದಾಗಿ ಹಾಕಿ ತೆಗೆದು ಫೋನು ಮಾಡಿದೆ. ಅಗ್ಗದ್ದರಲ್ಲಿ ಮಾವನವರ ಫೋನು ವ್ಯಾಪ್ತಿಯ ಹೊರಗಿದೆ ಎಂದು ಒಬ್ಬಾಕೆ ಬಲು ಮರ್ಯಾದೆಯಿಂದ ಹೇಳಿದಳು. ಜೋರಿನದು ಆ ಹೊತ್ತಿನಲ್ಲಿ ನನಗೆ ಹೊಸ ರಿಂಗ್‌ಟೋನು ಬೇಕೇ ಎಂದು ಕೇಳಿತು. ದೂರದ್ದಕ್ಕೆ ತುಂಬ ಸಿಗ್ನಲ್ಲಿತ್ತು. ಆ ಕಡೆ ಎತ್ತಬೇಕಾದವರ ದೂರದ್ದನ್ನು ನಾನೇ ಕಿತ್ತುಹಾಕಿದ್ದೆ. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, "ಯಪ್ಪಾ, ಆ ಡಬ್ಬಿ ಕಿಸೆದಾಗ ಇಡು. ಅದನ್ನ ಒತ್ತಿದ್ರ ಗಾಡಿ ಲಗೂನ ಹೋಗಂಗಿಲ್ಲ" ಎಂದರು.

ದವಾಖಾನೆ ಮುಟ್ಟಿದಾಗ ಹೆರಿಗೆಯಾಗಿ ಒಂದು ತಾಸಾಗಿತ್ತು. ಹೆಣ್ಣು ಮಗು. ಇಬ್ಬರೂ ಆರಾಮ. ಬಾಗಿಲಲ್ಲಿ ಮಾವನವರು ಫೋನು ಹಿಡಿದು ಅಪರಾಧಿಯಂತೆ ನಿಂತಿದ್ದರು.

"ದೇವರ ಆಣಿ ಅಳಿಯಂದ್ರ, ಎರಡ ಕೊಟ್ಟೀನಿ. ಕೈ ಎತ್ತಿ ಕೊಟ್ಟೀನಿ. ಒಂದು ನಿಮಗ ಬಂತಂದ್ರ ಇನ್ನೊಂದು ಎಲ್ಲಿಗಿ ಹೋತು?"

ಆ ಎರಡನೆಯದು ಬೇವೂರಿನ ಬಯಲಿನಲ್ಲಿ ಇನ್ನೂ ಅಲೆಯುತ್ತಿರಬೇಕು. ಹೆಂಡತಿ ನನ್ನನ್ನು ನೋಡಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಗೋಡೆಗೇ ಹೇಳಿದಳು:

"ಮಿಸ್ಡ್ ಕಾಲಿಗೆ ದುಡ್ಡಿಲ್ಲಂದ್ರ ಅಗ್ಗದ ಸಿಮ್ ಯಾಕ ಬೇಕಿತ್ರಿ?"

ಇಷ್ಟು ವರ್ಷವಾದರೂ ಅವಳು ಆ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ. ತರಕಾರಿಗೆ ಚೌಕಾಸಿ ಮಾಡಿದರೂ ಕೇಳುತ್ತಾಳೆ.

ಆ ಮಗಳೀಗ ಗಂಗಾವತಿಯಲ್ಲಿ ಕಾಲೇಜು ಓದುತ್ತಾಳೆ. ಹಾಸ್ಟೆಲಿಗೆ ಹೊರಟಾಗ ನಾನು ಹಳೆಯ ಚಟದಂತೆ ಮೂರು ಕಂಪನಿಯ ಪ್ಲಾನು, ವೇಗ, ಟವರು ಎಲ್ಲ ಹೋಲಿಸಿ ಕುಳಿತೆ. ಅವಳು ಇಣುಕಿ ನೋಡಿ ನಕ್ಕಳು.

"ಅಪ್ಪಾ, ಮೂರರದೂ ರೇಟು ಒಂದ ಐತಿ. ಏರಸೋದೂ ಒಂದ ವಾರದಾಗ ಏರಸ್ತಾರ. ಏನ್ ನೋಡಾಕ ಹತ್ತೀದಿ?"

ಹೌದು, ಸುತ್ತಿ ಸುತ್ತಿ ಎಸ್‌ಟಿಡಿ ಬೂತಿನ ಕಾಲಕ್ಕೇ ಬಂದು ನಿಂತಿದ್ದೇವೆ. ಸುಮ್ಮನೆ ದೂರದ್ದನ್ನೇ ಹಾಕಿಸಿಕೊಟ್ಟೆ. ಹೆಂಡತಿ ಅಲ್ಲೇ ನಿಂತಿದ್ದಳು. ಬಸ್ಸು ಹತ್ತಿಸಿ, ಮಗಳು ಕಿಟಕಿಯ ಹತ್ತಿರ ಕಿವಿಗೆ ವೈರು ಸಿಕ್ಕಿಸಿಕೊಳ್ಳುತ್ತಿರುವಾಗ, ನಾನು ಹಿಂದಿನ ಬಾಗಿಲಿಗೆ ಹೋಗಿ ಕಂಡಕ್ಟರಿಗೆ ಮೆಲ್ಲಗೆ ಹೇಳಿದೆ:

"ನಮ್ಮ ಮಗಳ್ರಿ, ಗಂಗಾವತಿಗೆ ಹೊಂಟಾಳ. ಏನಾರ ಹೆಚ್ಚುಕಡಿಮಿ ಆದ್ರ ನಾನು ಇಲ್ಲೇ ಮಿರ್ಚಿ ಬಂಡಿ ಹತ್ರ ಇರತೀನಿ."