ಸೊಣ್ಣಪ್ಪ ಕೇಳಿದ ನೀರು

ಕೋಲಾರದ ಚಿನ್ನದ ಗಣಿಯ ಸುತ್ತಿನ ಹಳ್ಳಿಗಳಲ್ಲಿ ಸೊಣ್ಣಪ್ಪನಷ್ಟು ನಿಧಾನವಾಗಿ ನಡೆಯುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಇಪ್ಪತ್ತು ದಾಟಿದ ಹುಡುಗ, ಜಿಂಕೆಯ ಕಾಲು. ಆದರೂ ಮದುವೆಗೋ ಹಬ್ಬಕ್ಕೋ ಹೊರಟನೆಂದರೆ ತುಂಬುಗಬ್ಬದ ಎಮ್ಮೆಯ ಹಾಗೆ ಹೆಜ್ಜೆ ಹಾಕುತ್ತಿದ್ದ. ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು, ಬೇಲಿಯ ಹೂವನ್ನೆಲ್ಲ ವಿಚಾರಿಸಿಕೊಂಡು, ನೆಗಡಿ ಇಲ್ಲದಿದ್ದರೂ ನಿಂತು ಮೂಗು ಸೀಟಿಕೊಂಡು, ಅಮಲ್ದಾರರೇ ಜಮೀನು ನೋಡಲು ಬಂದರೇನೋ ಎಂಬ ಗತ್ತಿನಲ್ಲಿ ಊರು ಹೊಗುತ್ತಿದ್ದ. ಹಾಗೆ ಹೊಗದಿದ್ದರೆ ಗತಿ ಕೆಡುತ್ತಿತ್ತು. ಅವನು ಕೊಂಚ ಬಿರುಸಾಗಿ ಕಾಲು ಹಾಕಿದರೂ ಸಾಕು, ಹೆಂಗಸರು ಒಲೆಯ ಮೇಲಿನ ಮುದ್ದೆಯನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಓಡಿದನೆಂದರೆ ಯಾರೋ ಸತ್ತಿದ್ದಾರೆಂದೇ ಅರ್ಥ.

ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆಯೆಂಬ ಹೆಸರು. ಸೊಣ್ಣಪ್ಪ ಬೂದಿಕೋಟೆ ಕಡೆಯ ಒಕ್ಕಲಿನ ಮಗ. ಗಣಿಗೆ ಇಳಿಯುವ ಒಂದು ಶಾಫ್ಟಿನ ಬಳಿ, ಆಳುಗಳ ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ ಜವಾನ. ನೆಲದ ಕೆಳಗೆ ಬಂಡೆ ಸಿಡಿದು ಯಾರಾದರೂ ಹೋದರೆ, ದೊರೆಗಳ ಬಂಗಲೆಗಳಿಗೆ ಸುದ್ದಿ ಮುಟ್ಟಿಸಲು ಟೆಲಿಫೋನು ಇತ್ತು. ಹೋದವನ ಹಳ್ಳಿಗೆ ಮುಟ್ಟಿಸಲು ಸೊಣ್ಣಪ್ಪ ಇದ್ದ.

ಈ ಕೆಲಸದ ಮರ್ಯಾದೆಯನ್ನು ಅವನಿಗೆ ಕಲಿಸಿದವನು ಹಿಂದಿನ ಜವಾನ ಸುಬ್ಬರಾಯಪ್ಪ. ಮೊಣಕಾಲು ಸೋತು ಕೆಲಸ ಬಿಡುವ ದಿನ ಮುದುಕ ಹೇಳಿದ್ದ:

"ಹೊಸ್ಲು ತುಳೀಬೇಡ. ಬಾಯಿ ಬಿಟ್ಟು ಮೊದ್ಲೇ ಯೋಳ್ಬೇಡ. ಒಂದು ಚೆಂಬು ನೀರು ಕೇಳ್ಲಾ. ನೀನು ಕುಡಿಯೋವಷ್ಟೊತ್ತು ಆ ಮನೇಲಿ ಎಲ್ಲಾರೂ ಬದುಕಿರ್ತಾರೆ."

ಹಾಗಾಗಿ ಸೊಣ್ಣಪ್ಪ ಓಡುವುದನ್ನು ಬೇಗ, ಕುಡಿಯುವುದನ್ನು ನಿಧಾನ ಮಾಡಿಕೊಂಡ. ಬೌರಿಂಗ್‌ಪೇಟೆ ದಾರಿಯ ಬಂಡೆಪಲ್ಲಿಯಲ್ಲಿ ಕದಿರಮ್ಮನೆಂಬ ವಿಧವೆಯ ಹಿರಿಯ ಮಗ ಮುನಿಸ್ವಾಮಪ್ಪ ಗಣಿಯಲ್ಲಿ ಹೋದಾಗ, ಸೊಣ್ಣಪ್ಪ ಅವಳ ಬಾಗಿಲಲ್ಲಿ ಚೆಂಬು ಖಾಲಿಯಾದ ಮೇಲೂ ಎತ್ತಿ ಹಿಡಿದುಕೊಂಡೇ ಇದ್ದ. ಗಂಟಲು ಸುಮ್ಮನೆ ಆಡುತ್ತಿತ್ತು. ಕದಿರಮ್ಮ ನೋಡುತ್ತ ನಿಂತಿದ್ದವಳು ಕೊನೆಗೆ, "ಬರೀ ಚೆಂಬು ಎಷ್ಟೊತ್ತು ಕುಡೀತೀಯಪ್ಪಾ, ಇಳ್ಸು" ಎಂದಳು. ಅವನು "ಏನೂ ಇಲ್ಲಮ್ಮೋ, ವಸಿ ಏಟು ಬಿದ್ದೈತೆ" ಎಂದ. ಮೊದಲು ಹಾಗೇ ಹೇಳುವುದು. ಆಮೇಲಿನದನ್ನು ಅವನು ಹೇಳಬೇಕಾಗಿ ಬರಲಿಲ್ಲ.

ಅಲ್ಲಿಂದೀಚೆ ಸುತ್ತಿನ ಹತ್ತೂ ಹಳ್ಳಿಗಳಲ್ಲಿ ಸೊಣ್ಣಪ್ಪನಿಗೆ ನೀರು ಹುಟ್ಟದಾಯಿತು. ಬಾಯಾರಿದರೆ ಕೆರೆಗೆ ಇಳಿಯುತ್ತಿದ್ದ. ಸ್ವಂತ ಅಕ್ಕನ ಮನೆಯಲ್ಲೂ ಅವನಿಗೆ ಮಜ್ಜಿಗೆ ಸಿಗುತ್ತಿತ್ತೇ ಹೊರತು ನೀರಲ್ಲ.

ಇಂಥವನು ಒಂದು ದಿನ ವೀರನಾದ. ಗಣಿಯ ಮೈದಾನದಲ್ಲಿ ವರ್ಷದ ಆಟೋಟ ನಡೆಯುತ್ತಿತ್ತು. ಸೊಣ್ಣಪ್ಪ ಅಲ್ಲಿಗೆ ಹೋದದ್ದು ಟೈಮ್ ಆಫೀಸಿನ ರೈಟರ್ ವೆಂಕಟೇಶಪ್ಪನವರ ಕೊಡೆ ಹಿಡಿಯಲು. ರೈಟರು ದುಂಡಗಿನ ಮನುಷ್ಯ. ಊಟದ ಎಲೆಯಿಂದ ಕೈತೊಳೆಯುವ ಜಾಗಕ್ಕೆ ನಡೆದರೂ ಬೆವರುವವರು. ದೂರದ ಓಟದಲ್ಲಿ ಓಡುವವರು ಕಡಿಮೆ ಬಿದ್ದರೆಂದು ಮೇಲಿನವರು ಗೊಣಗಿದಾಗ ರೈಟರು ಕೊಡೆಯನ್ನು ಕಿತ್ತುಕೊಂಡು ಜವಾನನನ್ನು ಸಾಲಿಗೆ ತಳ್ಳಿದರು. "ಓಡ್ಲಾ, ಆಫೀಸಿನ ಮಾನ ಐತೆ."

ಅವನು ಓಡಿದ ಪರಿಯನ್ನು ನೋಡಿದವರು ಬಹುಕಾಲ ವರ್ಣಿಸಿದರು. ಬೂಟು ಹಾಕಿದ ಪೊಲೀಸರು, ಆಂಡರ್ಸನ್‌ಪೇಟೆಯ ಬಡಗಿ ಆರೋಗ್ಯಸ್ವಾಮಿ, ರೈಲ್ವೆಯ ಇಬ್ಬರು ಫೈರ್‌ಮನ್‌ಗಳು, ಇವರ ನಡುವೆ ಬರಿಗಾಲಿನ ಜವಾನ ಕುರಿಮಂದೆಯಲ್ಲಿ ನುಸುಳುವ ತೋಳದಂತೆ ನುಸುಳಿ ಮುಂದಾದ. ಆಮೇಲೆ ಸುತ್ತು ಹಾಕಿ ಬಂದು ಹಿಂದುಳಿದವರನ್ನು ಮತ್ತೊಮ್ಮೆ ದಾಟಿದ. ಕೊನೆಯ ದಾರವನ್ನು ಎದೆಯಿಂದ ಕಡಿದ ಮೇಲೂ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲವಾದ್ದರಿಂದ, ನೇರ ಶಾಮಿಯಾನದ ತನಕ ಓಡಿ, ಬಹುಮಾನ ಕೊಡಲು ಕುಳಿತಿದ್ದ ದೊರೆಸಾನಿಯ ಮುಂದೆ ನಿಂತು, ಅಭ್ಯಾಸಬಲದಿಂದ ಕೈಮುಗಿದ.

"ಅಮ್ಮೋ, ಒಂದು ಚೆಂಬು ನೀರು."

ಹಿಂದೆ ಕುಳಿತ ಹಳ್ಳಿಯವರು ಉಸಿರು ಬಿಗಿಹಿಡಿದರು. ದೊರೆಸಾನಿಗೆ ಕನ್ನಡ ಬಾರದು. ಆದರೆ ಬಾಯಾರಿಕೆಗೆ ಭಾಷೆ ಬೇಡ. ಗಾಜಿನ ಲೋಟದಲ್ಲಿ ನಿಂಬೆ ಪಾನಕ ಕೊಟ್ಟಳು. ಅವನು ಕುಡಿದ. ಜನ ಚಪ್ಪಾಳೆ ಹೊಡೆದರು. ಸೊಣ್ಣಪ್ಪ ಸುತ್ತ ನೋಡಿದ. ತಾನು ಓಡಿ ಬಂದಿದ್ದೇನೆ, ನೀರು ಕೇಳಿದ್ದೇನೆ, ಯಾರೂ ಅಳುತ್ತಿಲ್ಲ. ಹುಟ್ಟಿದಾಗಿನಿಂದ ಅವನಿಗೆ ಯಾವ ಆಸೆಯೂ ಅಷ್ಟು ಬಲವಾಗಿ ಅಂಟಿಕೊಂಡಿರಲಿಲ್ಲ. ಇನ್ನೊಮ್ಮೆ ಹಾಗಾಗಬೇಕು, ಅದೂ ಹಳ್ಳಿಗಳಲ್ಲಿ ಆಗಬೇಕು.

ವೆಂಕಟೇಶಪ್ಪನವರಿಗೂ ಆಸೆ ಹುಟ್ಟಿತು. ಬೇಸಿಗೆಗೆ ಇಡೀ ಸೀಮೆಯ ದೊಡ್ಡ ಓಟ ನಡೆಯುವುದಿತ್ತು: ಗಣಿಯ ಮೈದಾನದಿಂದ ಬೌರಿಂಗ್‌ಪೇಟೆ ಸ್ಟೇಷನ್ನಿನವರೆಗೆ, ಹಳ್ಳಿಗಳ ನಡುವಿನ ರಸ್ತೆಯಲ್ಲಿ. ಗೆದ್ದವನಿಗೆ ಚಿನ್ನದ ಪದಕ, ಅಂದರೆ ಇಲ್ಲಿಯ ಚಿನ್ನದಲ್ಲಿ ವಿಲಾಯಿತಿಗೆ ಹೋಗುವ ಹಡಗನ್ನು ಹೇಗೋ ತಪ್ಪಿಸಿಕೊಂಡ ಒಂದು ಚೂರು. ಆಮೇಲೆ ಮೈಸೂರಿನಲ್ಲಿ ಸಂಸ್ಥಾನದ ಪಂದ್ಯಕ್ಕೂ ಅವನೇ. ರೈಟರು ಜವಾನನಿಗೆ ಹಸಿ ಮೊಟ್ಟೆ ಕುಡಿಸಿದರು, ಕಾಲಿಗೆ ಹರಳೆಣ್ಣೆ ತಿಕ್ಕಿಸಿದರು, ತಮ್ಮದೇ ಹಳೆಯ ಚಡ್ಡಿಯನ್ನು ದಾನ ಮಾಡಿದರು. ಅದರೊಳಗೆ ಸೊಣ್ಣಪ್ಪನ ಜೊತೆ ಇನ್ನೊಬ್ಬ ಓಟಗಾರನೂ ಓಡಬಹುದಿತ್ತು. ಸೆಣಬಿನ ದಾರದಿಂದ ಬಿಗಿದರು.

"ಗೆಲ್ತೀನಾ ಸ್ವಾಮೀ?"

"ಗೆಲ್ಲದೆ ಏನ್ಲಾ! ನಿನ್ನ ಮುಂದೆ ಆ ಬಡಗಿ ಯಾವ ಲೆಕ್ಕ? ಕೊರಳ್ಗೆ ಬಂಗಾರ ಬೀಳ್ಲಿ, ಆಮೇಲೆ ನೀನು ಓಡಿದ್ರೆ ಜನ ಮೆಡಲ್ ಸೊಣ್ಣಪ್ಪ ಬಂದ ಅಂತ ಆಚೆ ಬತ್ತಾರೆ. ಎದೆ ಬಡ್ಕಂಡು ಬರಕಿಲ್ಲ."

ಆ ಮಾತನ್ನು ಸೊಣ್ಣಪ್ಪ ಹಸಿ ಮೊಟ್ಟೆಗಿಂತ ಹೆಚ್ಚು ನಂಬಿದ.

ಪಂದ್ಯದ ಡಂಗುರವನ್ನು ಪೇಟೆಗಳಲ್ಲಿ ಬಾರಿಸಿದರು. ನಡುವಿನ ಹಳ್ಳಿಗಳಲ್ಲೂ ಬಾರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಪಂದ್ಯದ ದಿನ ಬೆಳಿಗ್ಗೆ ನೆಲ ಒಮ್ಮೆ ಗುಡುಗಿ ಪಾತ್ರೆಗಳನ್ನು ಅಲುಗಿಸಿತ್ತು. ಆಳದಲ್ಲೆಲ್ಲೋ ಬಂಡೆ ಸಿಡಿದಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಟೈಮ್ ಆಫೀಸಿನವನಾದ ಸೊಣ್ಣಪ್ಪನಿಗೆ ಅದು ಗೊತ್ತಿತ್ತು. ಹಳ್ಳಿಗಳಿಗೆ ಗೊತ್ತಿರಲಿಲ್ಲ.

ಪಿಸ್ತೂಲಿನ ಸದ್ದಾಯಿತು. ಮುಂದೆ ಓಡುವವನ ಪಕ್ಕದಲ್ಲಿ ಬಾವುಟ ಹಿಡಿದು ಸೈಕಲ್ಲಿನಲ್ಲಿ ಬರುವುದು ವೆಂಕಟೇಶಪ್ಪನವರ ಜವಾಬ್ದಾರಿ. ಮೊದಲ ಏರಿನಲ್ಲಿ ಸೈಕಲ್ಲಿನ ಚೈನು ಕಳಚಿತು. ರೈಟರು ಹಿಂದೆ ಉಳಿದರು. ಎರಡನೆಯ ಏರಿನಲ್ಲಿ ಮಿಕ್ಕ ಓಟಗಾರರು ಉಳಿದರು. ಮೂರನೆಯದನ್ನು ಹತ್ತಿ ಸೊಣ್ಣಪ್ಪ ತಿರುಗಿ ನೋಡಿದಾಗ ರಸ್ತೆಯಲ್ಲಿ ಬಿಸಿಲು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಅವನ ಎದೆ ಹಿಗ್ಗಿತು. ಆಗ ಅವನಿಗೆ ತಿಳಿಯದಿದ್ದದ್ದು ಒಂದೇ: ಗುಂಪಿನಲ್ಲಿ ಓಡಿದ್ದರೆ ಅದು ಪಂದ್ಯವಾಗಿ ಕಾಣುತ್ತಿತ್ತು. ಯಾರಿಗೂ ಸಿಗದಷ್ಟು ಮುಂದೆ ಒಬ್ಬನೇ ಓಡುತ್ತಿದ್ದುದರಿಂದ ಅದು ಎಂದಿನ ಸೊಣ್ಣಪ್ಪನ ಹಾಗೆಯೇ ಕಾಣುತ್ತಿತ್ತು.

ಬಂಡೆಪಲ್ಲಿಯ ಹತ್ತಿರ ನಾಲಿಗೆ ಅಂಗುಳಕ್ಕೆ ಅಂಟಿತು. ರಸ್ತೆ ಪಕ್ಕದ ಬಾವಿಯಿಂದ ಹೆಂಗಸೊಬ್ಬಳು ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಬರುತ್ತಿದ್ದಳು. ಅವನ ಕಣ್ಣಿಗೆ ಬಿಂದಿಗೆಯ ಬಾಯಲ್ಲಿ ತುಳುಕುವ ನೀರು ಬಿತ್ತೇ ಹೊರತು ಹೊತ್ತವಳ ಮುಖ ಬೀಳಲಿಲ್ಲ. ಬೊಗಸೆ ಒಡ್ಡಿ ನಿಂತ.

"ಅಮ್ಮೋ, ವಸಿ ನೀರು."

ಬಿಂದಿಗೆ ಕೆಳಗೆ ಬಿತ್ತು. ನೀರು ಧೂಳಿನಲ್ಲಿ ಹರಿದು ಅವನ ಪಾದವನ್ನು ತೋಯಿಸಿತು. ಆಗ ಅವನು ಮುಖ ನೋಡಿದ. ಕದಿರಮ್ಮ.

ಅವಳು ಮೆಲ್ಲನೆ ರಸ್ತೆಯ ಮೇಲೆ ಕುಳಿತುಕೊಂಡಳು. "ಬಚ್ಚನಾ?" ಎಂದಳು. ಬಚ್ಚಪ್ಪ ಅವಳ ಉಳಿದ ಒಬ್ಬನೇ ಮಗ. ಬೆಳಗಿನ ಪಾಳಿಗೆ ಗಣಿಗೆ ಇಳಿದಿದ್ದ.

"ಅಯ್ಯೋ, ಏನೂ ಇಲ್ಲಮ್ಮೋ! ಇದು ಓಟದ ಪಂದ್ಯ. ನಂಗೆ ಬಾಯಾರ್ತು, ಅಷ್ಟೆ."

"ಅವತ್ತೂ ಏನೂ ಇಲ್ಲ ಅಂತ್ಲೇ ಅಂದೆ."

ಬಾಗಿಲುಗಳಿಂದ ಹೆಂಗಸರು ಓಡಿ ಬಂದರು. ಯಾರೋ ಕದಿರಮ್ಮನನ್ನು ತಬ್ಬಿಕೊಂಡು ಅಳಲು ಶುರುಮಾಡಿದರು. ಆ ಅಳು ಓಣಿಯಿಂದ ಓಣಿಗೆ ಹತ್ತಿಕೊಂಡಿತು. ಮುತ್ಯಾಲಮ್ಮ ಎಂಬ ಮುದುಕಿ ಮಾತ್ರ ಸೊಂಟಕ್ಕೆ ಕೈಯಿಟ್ಟು ಅವನನ್ನು ವಿಚಾರಣೆಗೆ ತೆಗೆದುಕೊಂಡಳು.

"ಪಂದ್ಯ ಅಂದ್ರೆ ಮಿಕ್ಕೋರು ಎಲ್ಲವ್ರೆ?"

"ಹಿಂದೆ ಅವ್ರಜ್ಜೀ."

ಮುದುಕಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಖಾಲಿ ರಸ್ತೆ. "ಗಾಳೀ ಜತೆ ಪಂದ್ಯ ಕಟ್ಟಿದ್ದೀಯೇನ್ಲಾ? ಯಾರ ಚಡ್ಡಿ ಅದು, ಸತ್ತೋನ್ದಾ?"

ಸೊಣ್ಣಪ್ಪ ಬೌರಿಂಗ್‌ಪೇಟೆಯ ದಿಕ್ಕಿಗೆ ನೋಡಿದ. ಈಗ ಕಾಲು ಕಿತ್ತರೆ ಪದಕ ಅವನದೇ. ಆದರೆ ಸಂಜೆ ಬಚ್ಚಪ್ಪ ಮನೆಗೆ ಬರುವ ತನಕ ಈ ತಾಯಿ ಮಗ ಸತ್ತವಳಾಗಿಯೇ ಕೂತಿರುತ್ತಾಳೆ. ಅಥವಾ ಗಣಿಯ ಕಡೆಗೆ ಎದ್ದು ಓಡುತ್ತಾಳೆ, ಈ ಬಿಸಿಲಿನಲ್ಲಿ, ಆ ವಯಸ್ಸಿನಲ್ಲಿ. ಅವಳಿಗೆ ಸಾಕ್ಷಿ ಬೇಕು. ಸಾಕ್ಷಿಗಳು ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದರು.

ಅವನು ಕದಿರಮ್ಮನ ಪಕ್ಕದಲ್ಲಿ, ಚೆಲ್ಲಿದ ನೀರಿನ ಕೆಸರಿನಲ್ಲಿ ಕುಳಿತ. ತನ್ನನ್ನು ಸೋಲಿಸುವವರು ಬೇಗ ಬರಲಿ ಎಂದು ದೇವರಿಗೆ ಮೊರೆಯಿಟ್ಟ. ಅಂಥ ಮೊರೆ ಆ ದೇವರಿಗೂ ಹೊಸದಿರಬೇಕು. ಒಪ್ಪಿಕೊಳ್ಳಲು ದೇವರು ಬಹಳ ಹೊತ್ತು ತೆಗೆದುಕೊಂಡ.

ಕೊನೆಗೆ ಏರಿನ ಮೇಲೆ ಒಂದು ತಲೆ ಕಂಡಿತು. ಅದರ ಹಿಂದೆ ಇನ್ನೊಂದು, ಮತ್ತೆ ಎರಡು. ಸೊಣ್ಣಪ್ಪ ಎದ್ದು, "ನೋಡ್ರಮ್ಮೋ! ಬಂದ್ರು, ಬಂದ್ರು!" ಎಂದು ಕುಣಿದ. ಹೆಂಗಸರು ನೋಡಿದರು, ಅಳು ಇಮ್ಮಡಿಯಾಯಿತು. ಒಬ್ಬ ಓಡಿ ಬಂದರೆ ಒಂದು ಸಾವು. ಇಷ್ಟು ಜನ ಓಡಿ ಬರುತ್ತಿದ್ದಾರೆಂದರೆ ಇಡೀ ಪಾಳಿಯೇ ಹೋಗಿರಬೇಕು. ಮುತ್ಯಾಲಮ್ಮನೂ ಈಗ ಎದೆ ಬಡಿದುಕೊಂಡಳು.

ಮುಂದೆ ಇದ್ದವನು ಆರೋಗ್ಯಸ್ವಾಮಿ. ರಸ್ತೆ ನಡುವೆ ಕೆಸರು ಮೆತ್ತಿಕೊಂಡು ನಿಂತ ಎದುರಾಳಿಯನ್ನು ಕಂಡು ಅವನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಓಡುತ್ತಲೇ ತಮಿಳಿನಲ್ಲಿ ಕೂಗಿದ: "ಎನ್ನಪ್ಪಾ ಸೊಣ್ಣಾ, ಕಾಲು ಪೋಚ್ಚಾ?" ಕಾಲು ಹೋಯಿತೇ ಎಂದು ಕೇಳಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತ ದಾಟಿಕೊಂಡು ಹೋದ.

ಕದಿರಮ್ಮ ತಲೆಯೆತ್ತಿ ಆ ಬೆನ್ನನ್ನೇ ನೋಡಿದಳು.

"ನಗ್ತಾವ್ನೆ" ಎಂದಳು.

ಅಳು ನಿಂತಿತು. ಸಾವಿನ ಸುದ್ದಿ ತಂದವನು ನಗುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಉಳಿದವರು ಎದೆಗೆ ನಂಬರು ಚುಚ್ಚಿಕೊಂಡು ಒಬ್ಬೊಬ್ಬರಾಗಿ ದಾಟಿದರು. ಕದಿರಮ್ಮ ನೆಲಕ್ಕೆ ಕೈಯೂರಿ ಎದ್ದು, ಸೊಣ್ಣಪ್ಪನ ಬೆನ್ನಿಗೆ ಬಲವಾಗಿ ಒಂದು ಗುದ್ದಿದಳು.

"ಓಡ್ಲಾ, ಮುಂಡೇದೇ! ಇಲ್ಯಾಕೆ ನಿಂತಿದ್ದೀಯ?"

ಅವನು ಓಡಿದ. ನೀರಿಲ್ಲದ ಗಂಟಲು, ಬಿಚ್ಚಿಕೊಳ್ಳುತ್ತಿದ್ದ ಸೆಣಬಿನ ದಾರ, ಒಂದು ಕೈಯಲ್ಲಿ ರೈಟರ ಚಡ್ಡಿ. ಆ ಒಂದೇ ಕೈ ಬೀಸಿಕೊಂಡು ಪೊಲೀಸರನ್ನು ದಾಟಿದ, ಫೈರ್‌ಮನ್‌ಗಳನ್ನು ದಾಟಿದ. ಸ್ಟೇಷನ್ನಿನ ಕಮಾನು ಕಾಣುವಾಗ ಆರೋಗ್ಯಸ್ವಾಮಿ ನಗುವುದನ್ನು ಬಿಟ್ಟು ತಿರುಗಿ ತಿರುಗಿ ನೋಡತೊಡಗಿದ. ಇನ್ನೊಂದು ಹುಣಸೆಮರ ದಾಟುವಷ್ಟು ದಾರಿ ಇದ್ದಿದ್ದರೆ ಆಗುತ್ತಿತ್ತೇನೋ. ಇರಲಿಲ್ಲ. ಬಡಗಿಯ ಎದೆ ಒಂದು ಮೊಳ ಮುಂಚೆ ದಾರ ಕಡಿಯಿತು. ಪದಕವೂ ಮೈಸೂರೂ ಅವನ ಪಾಲಾದವು. ಎರಡನೆಯವನಿಗೆ ಇಟ್ಟಿದ್ದು ಒಂದು ಟವಲ್ಲು.

ಬಾಡಿಗೆ ಜಟಕಾದಲ್ಲಿ ಸೈಕಲ್ಲನ್ನೂ ತಮ್ಮನ್ನೂ ಹೇರಿಕೊಂಡು ಬಂದ ವೆಂಕಟೇಶಪ್ಪನವರು ಕೆಂಡವಾಗಿದ್ದರು.

"ದಾರೀಲಿ ಕೂತ್ಕಂಡಿದ್ದೆ ಅಂತಲ್ಲೋ! ಯಾಕ್ಲಾ?"

"ಬಾಯಾರ್ತು ಸ್ವಾಮೀ. ನೀರು ಕೇಳ್ದೆ."

"ನೀರು! ಬಂಗಾರ ಬಿಟ್ಟು ನೀರು ಕೇಳಿದ್ನಂತೆ! ಯಾರನ್ನ ಕೇಳ್ದೆ?"

"ಬಂಡೆಪಲ್ಲಿ ಕದಿರಮ್ಮನ್ನ."

ರೈಟರು ಟೈಮ್ ಆಫೀಸಿನವರು. ಅವನನ್ನು ಎರಡು ವರ್ಷದ ಹಿಂದೆ ಆ ಮನೆಗೆ ಕಳಿಸಿದವರೇ ಅವರು. ರುಮಾಲು ತೆಗೆದು, ಇಲ್ಲದ ಧೂಳನ್ನು ಬಹಳ ಹೊತ್ತು ಕೊಡವಿದರು. ಆಮೇಲೆ ಆ ಟವಲ್ಲನ್ನು ಬಿಡಿಸಿ ಸೊಣ್ಣಪ್ಪನ ಹೆಗಲಿಗೆ ತಾವೇ ಹೊದಿಸಿದರು.

ಸೊಣ್ಣಪ್ಪ ಜಟಕಾ ಹತ್ತಲಿಲ್ಲ. ನಡೆದೇ ಹೊರಟ. ಬಂಡೆಪಲ್ಲಿ ಹತ್ತಿರವಾದಂತೆ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ತನ್ನ ಎಮ್ಮೆನಡಿಗೆ ಶುರುಮಾಡಿದ. ಹೊತ್ತು ಇಳಿದಿತ್ತು. ಬೆಳಗಿನ ಪಾಳಿಯವರು ಮನೆ ಸೇರಿದ್ದರು.

ರಸ್ತೆಗೆ ಮೊದಲು ಸಿಕ್ಕವಳು ಮುತ್ಯಾಲಮ್ಮ, ಕೈಯಲ್ಲಿ ಚೆಂಬು. "ಕುಡಿಯೋ. ಬೆಳಗ್ಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ." ಅವನು ಕುಡಿದ. ಮುಂದಿನ ಬಾಗಿಲಲ್ಲಿ ಇನ್ನೊಂದು ಚೆಂಬು. ಬೇಡವೆಂದರೆ ಬಿಡುವವರು ಯಾರು? ಪಕ್ಕದ ಮನೆಯಲ್ಲಿ ಕುಡಿದು ನಮ್ಮಲ್ಲಿ ಬೇಡವೇ ಎಂಬ ಜಗಳ ಬೇರೆ. ಓಣಿಯ ತುದಿ ಮುಟ್ಟುವ ವೇಳೆಗೆ ಚಿನ್ನದ ಪದಕಕ್ಕೆ ಕೈಯಿಟ್ಟಿದ್ದ ಆ ವೀರನ ಹೊಟ್ಟೆ ಬಾವಿಯಿಂದ ನೀರೆತ್ತುವ ಚರ್ಮದ ಕಪಿಲೆಯಂತೆ ಕುಲುಕುತ್ತಿತ್ತು.

ಕೊನೆಯ ಮನೆ ಕದಿರಮ್ಮನದು. ಬಚ್ಚಪ್ಪ ಜಗುಲಿಯ ಮೇಲೆ ಕಾಲು ಚಾಚಿ ಕುಳಿತಿದ್ದ. ಅವ್ವ ಹೋಗುವಾಗ ಬರುವಾಗ ತಲೆ ಮುಟ್ಟಿ ಮುಟ್ಟಿ ಕೂದಲನ್ನೆಲ್ಲ ಕೆದರಿಬಿಟ್ಟಿದ್ದಾಳೆಂದು ಗೊಣಗುತ್ತಿದ್ದ. ಸೊಣ್ಣಪ್ಪ ಎಂದಿನಂತೆ ಹೊಸಿಲಿನ ಆಚೆಗೇ ನಿಂತ.

ಕದಿರಮ್ಮ ಒಳಗಿನಿಂದ ಚೆಂಬು ತಂದಳು. ಅದೇ ಚೆಂಬು, ಅಂಚಿನ ನೆಗ್ಗು ಅವನ ತುಟಿಗೆ ನೆನಪಿತ್ತು. ಅವನು ತೆಗೆದುಕೊಂಡ, ಆದರೆ ಎತ್ತಲಾರದೆ ಹಿಡಿದುಕೊಂಡೇ ನಿಂತ.

"ಕುಡಿಯಪ್ಪಾ" ಎಂದಳು ಅವಳು. "ಈ ಸಲ ಕುಡ್ದು ಏನೂ ಯೋಳ್ಬೇಡ."

ಸೊಣ್ಣಪ್ಪ ಚೆಂಬೆತ್ತಿ, ಉಸಿರು ತೆಗೆದುಕೊಳ್ಳದೆ, ಗಟಗಟನೆ ಒಂದೇ ಸಲಕ್ಕೆ ಖಾಲಿ ಮಾಡಿ ಕೆಳಗಿಟ್ಟ.