ಮಾಸ್ತರರ ಮನೆಯ ಬಾಗಿಲು ದೂಡಿದ ಸಂಜೆ

“ಆರ್ ಯೂ ಮ್ಯಾರೀಡ್?” ಎಂದು ಗಂಡಸಿನ ಸ್ವರ ಕೇಳಿತು. “ನೋ, ಸರ್” ಎಂದಳು ನನ್ನ ತಂಗಿ. ಶಿರ್ವದ ಆ ಮನೆಯ ಮುಚ್ಚಿದ ಬಾಗಿಲಿನ ಹೊರಗೆ ನಾನು ಕಿವಿಗೊಟ್ಟು ನಿಂತಿದ್ದೆ. ಹೊಲಿಗೆ ಕಲಿಯಲೆಂದು ಹೇಳಿ ಅವಳು ಇಲ್ಲಿಗೆ ಬರುತ್ತಿದ್ದಾಳೆಂಬ ಅನುಮಾನದಿಂದ ಆ ಸಂಜೆ ಹಿಂದೆಯೇ ಬಂದಿದ್ದೆ. ಐದನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಆ ಒಂದು ಪ್ರಶ್ನೆ ಮಾತ್ರ ಅರ್ಥವಾಯಿತು. ಒಳನುಗ್ಗಿ ಅವಳ ಜಡೆ ಹಿಡಿದೆಳೆದೆ.

ಮೇಜಿನ ಆಚೆ ಮುದಿ ಮಾಸ್ತರರು ಬೆಚ್ಚಿ ಎದ್ದರು. ಪಕ್ಕದಲ್ಲೇ ಅವರ ಹೆಂಡತಿ ಅಲಸಂಡೆ ಮುರಿಯುತ್ತಾ ಕುಳಿತಿದ್ದರು.

“ಎಂತ ಮಾರಾಯ ಇದು? ನಾಡಿದ್ದು ಮಣಿಪಾಲದಲ್ಲಿ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಇವಳಿಗೆ ಇಂಗ್ಲಿಷ್ ಮಾತಿನ ಪರೀಕ್ಷೆ ಉಂಟಲ್ವಾ? ಅಲ್ಲಿ ಇದನ್ನೂ ಕೇಳುತ್ತಾರೆ!” ಎಂದರು ಆಕೆ.

“ನನಗೆ ಯಾಕೆ ಹೇಳಲಿಲ್ಲ?” ಎಂದೆ ತಂಗಿಗೆ.

“ಹೇಳಿದ್ದರೆ ಬಿಡುತ್ತಿದ್ದೆಯಾ, ಅಣ್ಣ?”

ಮಣಿಪಾಲದಲ್ಲಿ ಮದುವೆಯಾಗಿದೆಯೇ ಎಂಬ ಅದೇ ಪ್ರಶ್ನೆ ಬಂದಾಗ ಅವಳ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಕೆಲಸ ಬೇರೆಯವರಿಗೆ ಹೋಯಿತು. ಮರುವರ್ಷ ಅವಳು ಮತ್ತೆ ಪರೀಕ್ಷೆಗೆ ಕುಳಿತು ಪಾಸಾದಳು. ಆ ಸುದ್ದಿ ನನಗೆ ತಿಳಿದದ್ದು ಕಾಪುವಿಗೆ ಹೋಗುವ ಬಸ್ಸಿನಲ್ಲಿ, ಕಂಡಕ್ಟರನ ಬಾಯಿಂದ.