ಅಳತೆಯ ಸಲಾಕೆ

ಮೈದಾ ಅಂಟು ಕುದಿಯುವ ವಾಸನೆ ಮೊನ್ನೆ ಸಂಜೆ ಮೆಟ್ಟಿಲು ಹತ್ತಿ ನಮ್ಮ ಕೋಣೆಗೆ ಬಂತು. ಕೆಳಗಿನ ಮನೆಯ ಮಕ್ಕಳು ಕ್ರಿಸ್ಮಸ್ ನಕ್ಷತ್ರಕ್ಕೆ ಬಣ್ಣದ ಕಾಗದ ಅಂಟಿಸುತ್ತಿದ್ದರು. ಅಂಟಿಗೆ ಜಿರಳೆ ಬಾರದ ಹಾಗೆ ಯಾರೋ ಚೂರು ಮೈಲುತುತ್ತು ಹಾಕಿದ್ದರು. ಆ ಹುಳಿ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ಬಿಟ್ಟು ಎದ್ದೆ. ಕಿಟಕಿ ಮುಚ್ಚಿದೆ, ಮತ್ತೆ ತೆರೆದೆ. ಅಮ್ಮ ಮಂಚದಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಅವರಿಗೂ ಬಂದಿತ್ತು ಆ ವಾಸನೆ. ಮನೆ ಕಳೆದುಕೊಂಡವರಿಗೆ ಇದು ಗೊತ್ತಿರಬಹುದು. ಕೆಡವಿದ ಮನೆ ಕಣ್ಣಿನಿಂದ ಬೇಗ ಹೋಗುತ್ತದೆ, ಮೂಗಿನಿಂದ ಹೋಗುವುದಿಲ್ಲ. ಅಂದಿನಿಂದ ಒಂದು ಕಡೆ ಕುಳಿತುಕೊಳ್ಳಲು ಆಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮಂಗಳೂರಿನಿಂದ ತೆಂಕಕ್ಕೆ ಹೋಗುವಾಗ ಉಪ್ಪಳ ದಾಟಿದ ಮೇಲೆ ಹೈವೇಯ ಬದಿಯಲ್ಲೇ ಇತ್ತು. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಪಕ್ಕದಲ್ಲಿ ತಗಡಿನ ಒಂದು ಶೆಡ್ಡು. ಆ ಶೆಡ್ಡಿನಲ್ಲಿ ಪಪ್ಪ ಶವಪೆಟ್ಟಿಗೆ ಮಾಡುತ್ತಿದ್ದರು. ಸುತ್ತಿನ ಇಗರ್ಜಿಗಳವರಿಗೆಲ್ಲ ಅವರೇ. ಊರಲ್ಲಿ ಅವರ ಹೆಸರು ಪೆಟ್ಟಿಗೆ ಪಾವ್ಲ್. ಮಾವಿನ ಹಲಗೆ, ದೊಡ್ಡವರಿಗೆ ಕಪ್ಪು ಬಟ್ಟೆ, ಮಕ್ಕಳಿಗೆ ಬಿಳಿ, ಅಂಚಿಗೆ ನೆರಿಗೆ ಹಿಡಿದ ಲೇಸು, ಮುಚ್ಚಳದ ಮೇಲೆ ಚಿನ್ನದ ಬಣ್ಣದ ಕಾಗದದ ಶಿಲುಬೆ. ಬಟ್ಟೆ ಅಂಟಿಸುವುದಕ್ಕೆ ಅಮ್ಮ ಅನ್ನದ ಒಲೆಯಲ್ಲೇ ಮೈದಾ ಕುದಿಸಿ, ಚೂರು ಮೈಲುತುತ್ತು ಹಾಕಿ ಕೊಡುತ್ತಿದ್ದರು. ಹಾಗಾಗಿ ನಮಗೆ ಹಸಿವೆಯ ಹೊತ್ತಿಗೆ ಬರುತ್ತಿದ್ದ ವಾಸನೆಯೂ ಸಾವಿನ ಮನೆಗೆ ಹೋಗುವ ವಾಸನೆಯೂ ಒಂದೇ ಅಡುಗೆಮನೆಯದ್ದು.

ಎಲ್ಲಾದರೂ ಸಾವಾಯಿತು ಅಂದರೆ ಪಪ್ಪ ಶೆಡ್ಡಿನ ಹಿಂದಿನ ಕಟ್ಟಿನಿಂದ ಅಡಿಕೆ ಮರದ ಒಂದು ಸಲಾಕೆ ಎಳೆದು ಹೊರಡುತ್ತಿದ್ದರು. ಸತ್ತವರ ಪಕ್ಕದಲ್ಲಿ ಅದನ್ನು ಮಲಗಿಸಿ, ನೆತ್ತಿಯಿಂದ ಹಿಮ್ಮಡಿವರೆಗೆ ಗುರುತು ಹಾಕಿ ಅಲ್ಲೇ ಕತ್ತರಿಸುವುದು. ಟೇಪು ಅವರು ಮುಟ್ಟುತ್ತಿದ್ದದ್ದು ಹಲಗೆಗೆ ಮಾತ್ರ. ಪೆಟ್ಟಿಗೆ ಆದ ಮೇಲೆ ಆ ಸಲಾಕೆಯನ್ನು ಸತ್ತವರ ಬಲಗೈಯ ಬದಿಗೆ ಇಟ್ಟು ಮುಚ್ಚಬೇಕು. ಅವರ ಅಳತೆ ಅವರೊಟ್ಟಿಗೇ ಹೋಗಬೇಕು, ಬೇರೆಯವರ ಮನೆಯಲ್ಲಿ ಉಳಿಯಬಾರದು. ಇದು ಪಪ್ಪನ ಅಪ್ಪನಿಂದ ಬಂದ ಕ್ರಮ. ಸಲಾಕೆ ಹಿಡಿದು ಬಸ್ಸಿಗೆ ಕೈ ತೋರಿಸಿದರೆ ಕಂಡಕ್ಟರ್ ಟಿಕೇಟಿಗಿಂತ ಮೊದಲು ಕೇಳುತ್ತಿದ್ದದ್ದು, "ಯಾರು ಪೊರ್ಬುಗಳೇ?" ಅಂತ. ನಮ್ಮ ಕಡೆ ಕ್ರೈಸ್ತರಲ್ಲಿ ಗಂಡಸರನ್ನು ಪೊರ್ಬು, ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು.

ಮದುವೆ ಮನೆಗಳಲ್ಲಿ ಪಪ್ಪನಿಗೆ ಕಷ್ಟ. ಅವರು ಯಾರನ್ನಾದರೂ ಸುಮ್ಮನೆ ನೋಡಿದರೂ ಜನ ಹಿಂದೆ ಸರಿಯುತ್ತಿದ್ದರು. ಪಕ್ಕದ ಮನೆಯ ಕೊರಗಪ್ಪಣ್ಣ ಒಂದು ಸಲ ಊಟದ ಪಂಕ್ತಿಯಲ್ಲೇ, "ಪೊರ್ಬುಗಳೇ, ನನ್ನನ್ನು ಮೇಲಿಂದ ಕೆಳಗೆ ನೋಡಬೇಡಿ ಮಾರಾಯ್ರೆ, ನನಗೆ ಇನ್ನೂ ಮಗಳ ಮದುವೆ ಉಂಟು" ಅಂದದ್ದಕ್ಕೆ ಎಲ್ಲರೂ ನಕ್ಕರು. ಪಪ್ಪನೂ ನಕ್ಕು, "ನಿನ್ನದು ನೋಡುವುದಕ್ಕೆ ಎಂತ ಉಂಟು, ಅರ್ಧ ಹಲಗೆ ಸಾಕು" ಅಂದರು. ಆದರೆ ಮನೆಯಲ್ಲಿ ಅವರು ನಮ್ಮನ್ನು ಹಾಗೆ ನೋಡಿದ್ದೇ ಇಲ್ಲ. ಮಾತಾಡಿದರೆ ಕಣ್ಣು ನೋಡಿ, ಇಲ್ಲದಿದ್ದರೆ ನೆಲ ನೋಡಿ.

ನಮ್ಮ ಮನೆಯಲ್ಲಿ ಬದುಕಿರುವವರನ್ನು ಅಳೆಯುವ ಹಾಗೆ ಇರಲಿಲ್ಲ. ಬೇರೆ ಮನೆಗಳ ಬಾಗಿಲ ದಾರಂದದ ಮೇಲೆ ಮಕ್ಕಳ ಎತ್ತರದ ಪೆನ್ಸಿಲ್ ಗೀಟುಗಳು ಇರುತ್ತಿದ್ದವು. ನಮ್ಮ ದಾರಂದ ಖಾಲಿ. ಹಬ್ಬಕ್ಕೆ ಫ್ರಾಕು ಹೊಲಿಸುವುದೂ ಅಂದಾಜಿನಲ್ಲೇ. ಟೈಲರ್ ಟೇಪು ತೆಗೆದರೆ ಅಮ್ಮ, "ಬೇಡ, ಕಣ್ಣಳತೆ ಸಾಕು, ಸ್ವಲ್ಪ ದೊಡ್ಡದೇ ಇರಲಿ" ಅನ್ನುತ್ತಿದ್ದರು. ನಾವಿಬ್ಬರು ಅಕ್ಕ ತಂಗಿ ಬೆಳೆದದ್ದು ಸದಾ ಒಂದು ಹಿಡಿ ದೊಡ್ಡದಾದ ಬಟ್ಟೆಯೊಳಗೆ. ಶಾಲೆಯಲ್ಲಿ ಆರೋಗ್ಯ ಕಾರ್ಡಿಗೆಂದು ಗೋಡೆಗೆ ನಿಲ್ಲಿಸಿ ಎತ್ತರ ಬರೆದುಕೊಳ್ಳುವಾಗ ಲವೀನಕ್ಕ ನಿಲ್ಲಲಿಲ್ಲ. ಡ್ರಿಲ್ ಮಾಸ್ಟ್ರು ಗದರಿದರೂ ಇಲ್ಲ. ಅಮ್ಮನನ್ನು ಕರೆಸಿದರು. ಅಮ್ಮ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಹೇಳಿದ್ದು ನನಗೆ ಈಗಲೂ ಕೇಳುತ್ತದೆ: "ಸರ್, ನಮ್ಮಲ್ಲಿ ಅಳತೆ ತೆಗೆಯುವುದು ಒಂದೇ ಸಲ." ಮಾಸ್ಟ್ರು ಅಂದಾಜಿಗೆ ಏನೋ ಬರೆದುಕೊಂಡರು.

ಅಕ್ಕ ಶೆಡ್ಡಿನ ಕಸದಿಂದ ಆಟ ಕಟ್ಟುತ್ತಿದ್ದಳು. ಲೇಸಿನ ತುಂಡು, ಬಾಗಿದ ಮೊಳೆ, ಹೊಳೆಯುವ ಕಾಗದದ ಚೂರು, ಹಲಗೆಯ ಕೊನೆ. ಒಡೆದ ಎಲ್ಲದಕ್ಕೂ ಅವಳು ಒಂದು ಪೆಟ್ಟಿಗೆ ಮಾಡುವುದು. ಚಿಮಣಿ ದೀಪದ ಗಾಜು ಒಡೆದರೆ ಅದಕ್ಕೊಂದು, ಅಮ್ಮನ ಜಪಸರದ ದಾರ ಕಡಿದರೆ ಮಣಿಗಳಿಗೊಂದು. ಟ್ರಾನ್ಸಿಸ್ಟರ್ ಹಾಳಾದಾಗ ಅದರ ಹೊಟ್ಟೆ ಬಿಚ್ಚಿ, ತಂತಿಗಳನ್ನು ಜಡೆಯ ಹಾಗೆ ಹೆಣೆದು, ಸುತ್ತ ಬಸ್ ಟಿಕೇಟುಗಳನ್ನು ಹೂವಿನ ಹಾಗೆ ಮಡಚಿ ಇಟ್ಟಿದ್ದಳು. ನೋಡಿದ ಹೆಂಗಸರು, "ಬಾಯಮ್ಮ, ಈ ಹುಡುಗಿಗೆ ಬೇರೆ ಆಟ ಕಲಿಸಿ, ಇದೆಂತ ಅಪಶಕುನ" ಅಂದರು. ಅಮ್ಮ ಹೆದರಿದರು. ಪಪ್ಪ ಮಾತ್ರ ಕುಕ್ಕುರು ಕುಳಿತು ಆ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿ, "ಲೇಸನ್ನು ಹೀಗೆ ಎಳೆದು ಹೊಡೆಯಬಾರದು, ನೆರಿಗೆ ಬಿಡು. ಒಳಗಿದ್ದವರಿಗೆ ಉಸಿರು ಕಟ್ಟಿದ ಹಾಗೆ ಕಾಣುತ್ತದೆ" ಅಂದರು. ಅವಳಿಗೆ ಸಿಕ್ಕ ಮೊದಲ ಪಾಠ ಅದೇ. ಮುಂದೆ ಮಂಗಳೂರಿನಲ್ಲಿ ಚಿತ್ರಕಲೆ ಕಲಿಯಲು ಹೋದಾಗ ಅವಳ ಪೆಟ್ಟಿಗೆಗಳಿಗೆ ಅಲ್ಲಿಯವರು ದೊಡ್ಡ ದೊಡ್ಡ ಹೆಸರು ಹೇಳಿದರಂತೆ. ರಜೆಗೆ ಬಂದವಳು ನಕ್ಕು, "ಜುಲ್ಲಿ, ನಾನು ಮಾಡುವುದು ಇನ್‌ಸ್ಟಾಲೇಶನ್ ಅಂತೆ ಮಾರಾಯ್ತಿ. ಪಪ್ಪನಿಗೆ ಹೇಳಬೇಡ, ರೇಟು ಜಾಸ್ತಿ ಮಾಡಿಯಾರು" ಅಂದಳು.

ಅಷ್ಟರಲ್ಲಿ ಮಂಗಳೂರಿನಿಂದ ತಯಾರಿ ಪೆಟ್ಟಿಗೆಗಳು ಬರತೊಡಗಿದ್ದವು. ಪಾಲಿಶ್ ಮಾಡಿದ ಮರ, ಸ್ಟೀಲಿನ ಹಿಡಿ, ಅಂಗಿಗಳ ಹಾಗೆ ಸಣ್ಣದು, ನಡು, ದೊಡ್ಡದು. "ಇನ್ನು ಮನುಷ್ಯನೇ ಪೆಟ್ಟಿಗೆಗೆ ಸರಿಯಾಗಬೇಕು" ಅಂದರು ಪಪ್ಪ. ಹೆಚ್ಚು ದಿನ ಅದನ್ನು ನೋಡಲಿಲ್ಲ. ಅವರು ಹೋದಾಗ ಶೆಡ್ಡಿನಲ್ಲಿ ಹಲಗೆ ಇತ್ತು, ಬಟ್ಟೆ ಇತ್ತು, ಮಾಡುವವರು ಇರಲಿಲ್ಲ. ಅಕ್ಕ ಸಲಾಕೆ ತಂದಳು. ಅಳತೆ ತೆಗೆದಳು. ನಾನು ಮೈದಾ ಕುದಿಸಿದೆ. ಅವಳು ಹೊಡೆದ ಲೇಸಿನಲ್ಲಿ ನೆರಿಗೆ ಎಷ್ಟು ಸಡಿಲವಾಗಿತ್ತೆಂದರೆ ಹೊರಗಿನ ಗಾಳಿಗೆ ಅದು ಅಲುಗುತ್ತಿತ್ತು.

ಆ ಮೇಲೆ ಅವಳು ಶೆಡ್ಡಿನಲ್ಲೇ ಕೆಲಸ ಮಾಡಿದಳು. ಹೈವೇಯಲ್ಲಿ ಬಿದ್ದ ಟಯರಿನ ಚೂರು, ಗಲ್ಫಿನಿಂದ ಬಂದ ಅಟ್ಟೆಪೆಟ್ಟಿಗೆಗಳ ಹಗ್ಗ, ಸಮುದ್ರ ಕಕ್ಕಿದ ಬಲೆ, ಯಾರದೋ ಒಂಟಿ ಚಪ್ಪಲಿ, ಎಲ್ಲಕ್ಕೂ ಜಾಗ. ಬಾಗಿಲು ಅರ್ಧ ತೆರೆದ ಪೆಟ್ಟಿಗೆಗಳು. ಒಂದರಲ್ಲೂ ಮನುಷ್ಯನ ಮುಖ ಇಲ್ಲ. ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಕೊನೆಕೊನೆಗೆ ಕುಳಿತೇ ಮೊಳೆ ಹೊಡೆಯುತ್ತಿದ್ದಳು. ಬಾಯಲ್ಲಿ ಮೊಳೆ ಇಟ್ಟುಕೊಂಡು ಮಾತಾಡುವ ಪಪ್ಪನ ಅಭ್ಯಾಸವೂ ಬಂದಿತ್ತು.

ಅವಳು ತೀರಿಕೊಂಡದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಊರಿಗೆ ಬರುವಾಗ ತಯಾರಿ ಪೆಟ್ಟಿಗೆಯಲ್ಲೇ ಬಂದಳು. ಸಂಬಂಧಿಕರು ಅವಸರದಲ್ಲಿ ತಂದದ್ದು, ದೊಡ್ಡ ಸೈಜು. ಕಾಲಿನ ಕೆಳಗೆ ಜಾಗ ಉಳಿದು, ಅವಳು ಒಳಗೆ ಜಾರದಿರಲೆಂದು ಅಮ್ಮ ಒಂದು ಬೆಡ್‌ಶೀಟು ಮಡಚಿ ತುರುಕಿದರು. ಪೆಟ್ಟಿಗೆ ಪಾವ್ಲನ ಮಗಳು! ಅಳತೆ ಇಲ್ಲ, ಸಲಾಕೆ ಇಲ್ಲ. ಎಲ್ಲರೂ ಅಳುತ್ತಿದ್ದಾಗ ನಾನು ಆ ಬೆಡ್‌ಶೀಟನ್ನೇ ನೋಡುತ್ತಿದ್ದೆ. ಅದು ಇಡೀ ವರ್ಷ ನನ್ನನ್ನು ಬಿಡಲಿಲ್ಲ. ಅಡುಗೆ ಮಾಡುತ್ತ, ಬಸ್ಸಿನಲ್ಲಿ ನಿಂತು, ಪೂಜೆಯ ನಡುವೆ, ಅವಳು ಎಷ್ಟು ಎತ್ತರ ಇದ್ದಳು ಅಂತ ಯೋಚಿಸುತ್ತಿದ್ದೆ. ಫೋಟೋಗಳಿದ್ದವು, ಬಟ್ಟೆಗಳಿದ್ದವು, ಬಟ್ಟೆಗಳೆಲ್ಲ ಅಳತೆಗಿಂತ ದೊಡ್ಡವು. ನನ್ನ ಅಕ್ಕನ ಎತ್ತರ ಭೂಮಿಯ ಮೇಲೆ ಎಲ್ಲೂ ಇಲ್ಲ ಅನ್ನುವುದು ನನ್ನನ್ನು ಕೂರಲು ಬಿಡುತ್ತಿರಲಿಲ್ಲ.

ಹೈವೇ ಅಗಲ ಮಾಡುವ ಗುರುತಿನ ಕಲ್ಲನ್ನು ನಮ್ಮ ಅಂಗಳ ದಾಟಿ ಅಡುಗೆಮನೆಯ ಹತ್ತಿರ ನೆಟ್ಟಿದ್ದರು. ಮನೆ ಖಾಲಿ ಮಾಡುವ ದಿನಗಳಲ್ಲೇ ಕೊಚ್ಚಿಯಿಂದ ಒಬ್ಬಳು ಹುಡುಗಿ ಬಂದಳು. ಪ್ರದರ್ಶನ ಏರ್ಪಡಿಸುವವಳು, ಅಕ್ಕನ ಪೆಟ್ಟಿಗೆ ಒಯ್ಯಲು ಬಂದವಳು. ಅಕ್ಕನ ಕೆಲಸಕ್ಕೆ ಪ್ರೇರಣೆ ಯಾವುದು ಎಂದು ಬರೆದು ಕೊಡಬೇಕಂತೆ. ನಾನು ಶೆಡ್ಡು ತೋರಿಸಿದೆ. ಅಲ್ಲಿ ಗೋಣಿ ಹೊದೆಸಿ, ಗೋಡೆಗೆ ಒರಗಿಸಿ ಅಕ್ಕ ಕೊನೆಗೆ ಮಾಡಿದ್ದು ನಿಂತಿತ್ತು. ನಾನು ಗೋಣಿ ಸರಿಸಿ ನೋಡಿದ್ದು ಅಂದೇ ಮೊದಲು. ಆಳೆತ್ತರದ ಪೆಟ್ಟಿಗೆ, ಮುಚ್ಚಳ ಇಲ್ಲ, ಒಳಗೆಲ್ಲ ಬಿಳಿ ಲೇಸು. ಬೇರೆ ಏನೂ ಇಲ್ಲ, ನಡುವಿನಲ್ಲಿ ನೆಟ್ಟಗೆ ಒಂದು ಅಡಿಕೆ ಸಲಾಕೆ. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ಅದನ್ನು ಪೂರ್ತಿ ನೋಡಿದಳು. "ಚೇಚಿ, ಇದೊಂದು ಸಾಕು" ಅಂದಳು. ಅವಳ ಮಾತಿನಲ್ಲಿ ಅಕ್ಕ ಎಂದರೆ ಚೇಚಿ.

ಹಿಂದಿನಿಂದ ಬಂದ ಅಮ್ಮನ ಮುಖ ಬಿಳಿಚಿತು. "ಸಲಾಕೆ ಮನೆಯಲ್ಲಿ ಯಾಕೆ ಉಂಟು?"

"ಪಪ್ಪನದ್ದನ್ನು ಅಕ್ಕ ಇಟ್ಟುಕೊಂಡಳಾ?" ಎಂದೆ.

"ಇಲ್ಲ. ಪಪ್ಪನದ್ದನ್ನು ನಾನೇ ಕೈಯಾರೆ ಇಟ್ಟದ್ದು, ಅವರ ಬಲಬದಿಗೆ." ಅಮ್ಮ ಹತ್ತಿರ ಹೋದರು. ಸಲಾಕೆಯ ಬುಡ, ತುದಿ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಎಳೆದು ಅದರ ಪಕ್ಕಕ್ಕೆ ನಿಲ್ಲಿಸಿದರು.

ಅಕ್ಕ ನನ್ನನ್ನು ತಬ್ಬಿದರೆ ಅವಳ ಮೂಗು ಸರಿಯಾಗಿ ನನ್ನ ನೆತ್ತಿಗೆ ಬರುತ್ತಿತ್ತು. "ಇವತ್ತು ಎಣ್ಣೆ ಹಚ್ಚಿದ್ದೀ, ನಾಳೆ ತಲೆಗೆ ಸ್ನಾನ" ಎಂದು ಮೂಸಿ ಹೇಳುತ್ತಿದ್ದಳು. ಬೆಳೆದ ಮೇಲೂ ಅದೇ ಆಟ. ಅಮ್ಮ ನನ್ನ ನೆತ್ತಿಯ ಮೇಲೆ ತಮ್ಮ ಅಂಗೈಯನ್ನು ನೆಟ್ಟಗೆ ನಿಲ್ಲಿಸಿದರು, ಅಕ್ಕನ ಮೂಗಿನಿಂದ ನೆತ್ತಿಯವರೆಗೆ ಎಷ್ಟು ಎಂದು ಹೆತ್ತವರಿಗೆ ಗೊತ್ತು. ಸಲಾಕೆ ಅಲ್ಲಿಗೇ ಮುಗಿಯಿತು. "ಅವಳದ್ದೇ" ಅಂದರು. "ಬದುಕಿರುವಾಗಲೇ ಅಳತೆ ತೆಗೆದುಕೊಂಡಿದ್ದಾಳೆ, ಹುಚ್ಚು ಹುಡುಗಿ." ಅಲ್ಲೇ ಹಲಗೆಯ ಮೇಲೆ ಕುಳಿತುಬಿಟ್ಟರು.

ಯಾರಿಗಾಗಿ ಇಟ್ಟಳು? ನೋಡುವವರಿಗೆಂದು ಇಟ್ಟದ್ದಾದರೆ ಅದು ಕೊಚ್ಚಿಗೆ ಹೋಗಬೇಕು. ತನಗೆ ತಯಾರಿ ಪೆಟ್ಟಿಗೆಯೇ ಗತಿ ಎಂದು ತಿಳಿದು ನಮಗಾಗಿ ಇಟ್ಟದ್ದಾದರೆ ಮಣ್ಣಿಗೆ ಹೋಗಬೇಕು. ನಾನು ಅಂಗಳದಲ್ಲಿ ಅತ್ತಿಂದಿತ್ತ ನಡೆದೆ. ಹುಡುಗಿ ಕಾದಳು. ಕೊನೆಗೆ, ಪೆಟ್ಟಿಗೆ ತೆಗೆದುಕೊಂಡು ಹೋಗಿ, ಸಲಾಕೆ ಕೊಡಲಿಕ್ಕಿಲ್ಲ ಎಂದೆ. ಅವಳು ಒಪ್ಪಿದಳು, ಆದರೆ ಖಾಲಿ ಪೆಟ್ಟಿಗೆಯನ್ನು ನೋಡಿ ಅವಳ ಮುಖ ಬಾಡಿದ್ದು ನಿಜ. ನಾನು ಮಾಡಿದ್ದು ಸರಿಯೋ ಅಲ್ಲವೋ ಇನ್ನೂ ಗೊತ್ತಿಲ್ಲ.

ಸತ್ತವರ ಹಬ್ಬದ ದಿನ ಸಲಾಕೆ ಹಿಡಿದು ಹೊರಟಾಗ ಅಮ್ಮ ಹೊಸಿಲಲ್ಲಿ ನನ್ನನ್ನು ನಿಲ್ಲಿಸಿದರು. ಒಳಗೆ ಹೋಗಿ ಪಪ್ಪನ ಚಪ್ಪಟೆ ಪೆನ್ಸಿಲ್ ತಂದರು. ಸಲಾಕೆಯನ್ನು ದಾರಂದಕ್ಕೆ ಒರಗಿಸಿ, ಅದರ ತುದಿಯ ನೇರಕ್ಕೆ ಒಂದು ಗೀಟು ಎಳೆದರು. ಗೀಟು ಸೊಟ್ಟಗಾಯಿತು. "ನೀನೂ ನಿಲ್ಲು" ಅಂದರು. ನಾನು ಬೆನ್ನು ಕೊಟ್ಟು ನಿಂತೆ. ಪೆನ್ಸಿಲ್ ನನ್ನ ಕೂದಲು ಒತ್ತಿ ಸರಿಯಿತು.

ಆಮೇಲೆ ನಾವಿಬ್ಬರೂ ಇಗರ್ಜಿಯ ಸ್ಮಶಾನದಲ್ಲಿ ಅಕ್ಕನ ಬಲಬದಿಗೆ ಉದ್ದಕ್ಕೆ ಮಣ್ಣು ಬಿಡಿಸಿ ಸಲಾಕೆಯನ್ನು ಮಲಗಿಸಿದೆವು. ಮನೆಗೆ ಜೇಸಿಬಿ ಬಂದದ್ದು ಅದಾದ ಮೇಲೆ. ಆ ದಾರಂದದ ಒಂದು ಕಾಲನ್ನು ಮಾತ್ರ ಕೇಳಿ ತಂದುಕೊಂಡೆ. ಅಕ್ಕನಾಗಿದ್ದರೆ ಅದರಿಂದ ಏನಾದರೂ ಮಾಡುತ್ತಿದ್ದಳು. ನನಗೆ ಬರುವುದಿಲ್ಲ. ಬಾಡಿಗೆ ಮನೆಯ ಗೋಡೆಗೆ ನೆಟ್ಟಗೆ ಒರಗಿಸಿಟ್ಟಿದ್ದೇನೆ, ಅಷ್ಟೇ. ಎರಡು ಗೀಟು, ಮೇಲಿನದು ಸೊಟ್ಟ. ಬಂದವರು, ಇದೆಂತ ಸೌದೆ ಒಳಗೆ, ಎಂದು ಕೇಳುತ್ತಾರೆ.

ದಿನಕ್ಕೆ ಒಮ್ಮೆಯಾದರೂ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ತಲೆಗೆ ಎಣ್ಣೆ ಹಚ್ಚಿದ ದಿನ ಸ್ವಲ್ಪ ಹೆಚ್ಚು ಹೊತ್ತು.